ಅರ್ಧಕ್ಕೆ ನಿಂತ ಉತ್ಕರ್ಷಣ: ಅಮೋನಿಯಂ ಮಾಲಿಬ್ಡೇಟ್ ವೇಗವರ್ಧಕ ಕುರಿತು ಕಲಬುರಗಿಯ ಒಂದು ಪ್ರಕರಣ ಅಧ್ಯಯನ

ಪ್ರಕರಣದ ಸ್ವರೂಪ

ಕಲಬುರಗಿ ನಗರದ ಒಂದು ಕಾಲೇಜಿನ ಸಂಶೋಧನಾ ಪ್ರಯೋಗಾಲಯದಲ್ಲಿ ಬೇಸಿಗೆಯಲ್ಲಿ ನಡೆದ ಒಂದು ಉತ್ಕರ್ಷಣ ಕ್ರಿಯೆ ಈ ಅಧ್ಯಯನದ ವಸ್ತು. ಒಂದು ಸಲ್ಫೈಡನ್ನು (ಎರಡು ಇಂಗಾಲಗಳ ನಡುವೆ ಗಂಧಕವಿರುವ ಸಂಯುಕ್ತ) ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಸಲ್ಫೋನ್ ಆಗಿ, ಅಂದರೆ ಆ ಗಂಧಕಕ್ಕೆ ಎರಡು ಆಮ್ಲಜನಕಗಳು ಸೇರಿದ ರೂಪಕ್ಕೆ, ಪರಿವರ್ತಿಸಬೇಕಿತ್ತು. ವೇಗವರ್ಧಕವಾಗಿ ಆರಿಸಿಕೊಂಡದ್ದು ಅಮೋನಿಯಂ ಹೆಪ್ಟಾಮಾಲಿಬ್ಡೇಟ್. ಎರಡು ಗ್ರಾಂನಷ್ಟು ಸಲ್ಫೈಡಿನೊಂದಿಗೆ ಸಲೀಸಾಗಿ ಮುಗಿದಿದ್ದ ಇದೇ ಕ್ರಿಯೆ, ಪ್ರಮಾಣವನ್ನು ಹತ್ತು ಪಟ್ಟು ಹೆಚ್ಚಿಸಿದಾಗ ಅರ್ಧಕ್ಕೂ ಬಾರದೆ ನಿಂತುಹೋಯಿತು. ಫ್ಲಾಸ್ಕಿನಿಂದ ಒಂದೇ ಸಮನೆ ಅನಿಲ ಹೊರಬಂದಿತು, ದ್ರಾವಣದ ಬಣ್ಣ ಹಳದಿಯಿಂದ ಕೆಂಪಿಗೆ ತಿರುಗಿತು, ಪೆರಾಕ್ಸೈಡ್ ಪೂರ್ತಿ ಖರ್ಚಾಗಿದ್ದರೂ ಸಲ್ಫೈಡಿನ ಬಹುಭಾಗ ಹಾಗೆಯೇ ಉಳಿದಿತ್ತು.

ಇಂಥ ವೈಫಲ್ಯಗಳನ್ನು ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ "ವೇಗವರ್ಧಕ ಸರಿ ಇರಲಿಲ್ಲ" ಎಂಬ ಒಂದು ಸಾಲಿನಲ್ಲಿ ಮುಗಿಸಿ, ಬೇರೆ ಕಾರಕದ ಕಡೆ ಹೊರಳಿಬಿಡುತ್ತಾರೆ. ಈ ಪ್ರಕರಣದಲ್ಲಿ ಹಾಗೆ ಮಾಡಿದ್ದರೆ ಮಾಲಿಬ್ಡಿನಂನ ರಸಾಯನದಲ್ಲಿ ತಿಳಿಯಲೇಬೇಕಾದ ಒಂದು ಅಂಶ ಕೈತಪ್ಪುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬೆಂಕಿಗೆ ಎಡೆಮಾಡಿಕೊಡಬಲ್ಲ ಒಂದು ಅಪಾಯ ಯಾರ ಗಮನಕ್ಕೂ ಬರದೆ ಉಳಿಯುತ್ತಿತ್ತು. ಆದ್ದರಿಂದಲೇ ಇದನ್ನು ವಿವರವಾಗಿ ದಾಖಲಿಸುತ್ತಿದ್ದೇನೆ.

ಉದ್ದೇಶ ಮತ್ತು ಕ್ರಮ

ಈ ಪ್ರಯೋಗ ನಡೆಸುತ್ತಿದ್ದ ವಿದ್ಯಾರ್ಥಿನಿಗೆ ಬೇಕಾಗಿದ್ದುದು 5-ಈಥೈಲ್‌ಸಲ್ಫೊನೈಲ್-1-ಫಿನೈಲ್ ಟೆಟ್ರಜೋಲ್. ಇಂಥ ಸಲ್ಫೋನುಗಳನ್ನು ಪ್ರಬಲ ಪ್ರತ್ಯಾಮ್ಲದ ನೆರವಿನಿಂದ ಆಲ್ಡಿಹೈಡಿನೊಂದಿಗೆ ವರ್ತಿಸಲು ಬಿಟ್ಟರೆ ಇಂಗಾಲ-ಇಂಗಾಲ ದ್ವಿಬಂಧ ಏರ್ಪಡುತ್ತದೆ. 1991ರಲ್ಲಿ ಸಿಲ್ವೆಸ್ಟ್ರ್ ಜೂಲಿಯಾ ಅವರ ತಂಡ ಬೆಂಜೋಥಯಜೋಲ್ ಸಲ್ಫೋನುಗಳಿಂದ ಈ ಮಾರ್ಗವನ್ನು ತೋರಿಸಿತು. 1998ರಲ್ಲಿ ಫಿಲಿಪ್ ಕೊಚೆನ್ಸ್ಕಿ ಅವರ ತಂಡ ಫಿನೈಲ್ ಟೆಟ್ರಜೋಲ್ ಸಲ್ಫೋನುಗಳನ್ನು ಬಳಕೆಗೆ ತಂದಿತು. ಇಂದು ಇದು ಜೂಲಿಯಾ-ಕೊಚೆನ್ಸ್ಕಿ ಕ್ರಿಯೆ ಎಂದೇ ಪರಿಚಿತ.

ಸಲ್ಫೋನಿಗೆ ಹೋಗುವ ದಾರಿಯಲ್ಲಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ 1-ಫಿನೈಲ್ ಟೆಟ್ರಜೋಲ್-5-ಥಯಾಲನ್ನು ಅಸಿಟೋನಿನಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಜೊತೆ ಕಲಕಿ, ಈಥೈಲ್ ಬ್ರೋಮೈಡ್ ಸೇರಿಸಿ ಸಲ್ಫೈಡ್ ಪಡೆಯಬೇಕು. ಎರಡನೆಯ ಹಂತವೇ ಉತ್ಕರ್ಷಣ. ಈ ಎರಡನೆಯ ಹಂತಕ್ಕೆ ಮೆಟಾ-ಕ್ಲೋರೊಪರ್ಬೆಂಜೋಯಿಕ್ ಆಮ್ಲವೂ ಒದಗುತ್ತದೆ, ಆದರೆ ಅದು ದುಬಾರಿ, ಒಣಗಿದ ಸ್ಥಿತಿಯಲ್ಲಿ ಅಪಾಯಕಾರಿ, ಮೇಲಾಗಿ ಕ್ರಿಯೆ ಮುಗಿದ ಮೇಲೆ ಅದರದೇ ಆಮ್ಲವನ್ನು ತೊಳೆದು ತೆಗೆಯಬೇಕು. ಪೆರಾಕ್ಸೈಡ್ ಬಳಸಿದರೆ ಉಳಿಯುವುದು ನೀರು ಮಾತ್ರ. ಆದರೆ ಟೆಟ್ರಜೋಲ್ ವಲಯವು ಗಂಧಕದ ಮೇಲಿನ ಇಲೆಕ್ಟ್ರಾನುಗಳನ್ನು ತನ್ನೆಡೆಗೆ ಎಳೆದುಕೊಳ್ಳುವುದರಿಂದ, ಬರೀ ಪೆರಾಕ್ಸೈಡ್ ಈ ಗಂಧಕದ ಮೇಲೆ ಬಹಳ ನಿಧಾನವಾಗಿ ವರ್ತಿಸುತ್ತದೆ. ವೇಗವರ್ಧಕ ಬೇಕಾಗುವುದು ಇಲ್ಲಿ. 1963ರಲ್ಲಿಯೇ ಷುಲ್ಟ್ಸ್, ಫ್ರೈಯರ್‌ಮತ್ ಮತ್ತು ಬಕ್ ಎಂಬ ಮೂವರು, ಸಲ್ಫೈಡುಗಳನ್ನು ಪೆರಾಕ್ಸೈಡ್‌ನಿಂದ ಸಲ್ಫೋನ್ ಮಾಡಲು ಟಂಗ್‌ಸ್ಟನ್, ಮಾಲಿಬ್ಡಿನಂ ಮೊದಲಾದ ಲೋಹಗಳ ಸಂಯುಕ್ತಗಳು ಒಳ್ಳೆಯ ವೇಗವರ್ಧಕಗಳೆಂದು ಪ್ರಕಟಿಸಿದ್ದರು.

ಅಮೋನಿಯಂ ಮಾಲಿಬ್ಡೇಟನ್ನು ಆರಿಸಿಕೊಳ್ಳಲು ಇನ್ನೊಂದು ಸರಳ ಕಾರಣವೂ ಇತ್ತು. ಫಾಸ್ಫೇಟ್ ಪರೀಕ್ಷೆಗೆ ಬೇಕಾದ ಕಾರಕವಾದ್ದರಿಂದ ಈ ಲವಣದ ಬಾಟಲಿ ಇಲ್ಲದ ಪದವಿ ಕಾಲೇಜಿನ ಪ್ರಯೋಗಾಲಯವೇ ನಮ್ಮ ಕಡೆ ಇಲ್ಲ. ಪಲ್ಲಾಡಿಯಂ, ರುಥೇನಿಯಂಗಳಿಗೆ ಹಣ ಹೊಂದಿಸಲಾಗದ ಪ್ರಯೋಗಾಲಯಗಳಿಗೆ ಇದು ನಿಜವಾದ ಆಸರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ಪ್ರಮಾಣದ ಪ್ರಯೋಗಕ್ಕೆ ತೆಗೆದುಕೊಂಡ ಅಳತೆಗಳು ಹೀಗಿದ್ದವು: ಸಲ್ಫೈಡ್ 20.6 ಗ್ರಾಂ, ಅಂದರೆ 0.1 ಮೋಲ್, ಎಥೆನಾಲ್ 200 ಮಿ.ಲೀ.; ಅಮೋನಿಯಂ ಹೆಪ್ಟಾಮಾಲಿಬ್ಡೇಟ್ 1.24 ಗ್ರಾಂ, ಅಂದರೆ ಒಂದು ಮೋಲ್ ಪ್ರತಿಶತ, ಶೇ. 30ರ ಪೆರಾಕ್ಸೈಡ್ 41 ಮಿ.ಲೀ., ಅಂದರೆ ಸುಮಾರು 0.4 ಮೋಲ್. ಒಂದು ಸಲ್ಫೈಡ್ ಅಣು ಸಲ್ಫೋನ್ ಆಗಲು ಎರಡು ಪೆರಾಕ್ಸೈಡ್ ಅಣುಗಳು ಸಾಕು. ಆದ್ದರಿಂದ ಲೆಕ್ಕಕ್ಕೆ ಎರಡು ಪಟ್ಟು ಪೆರಾಕ್ಸೈಡ್ ಇತ್ತು. ವೇಗವರ್ಧಕವನ್ನು ತಣ್ಣನೆಯ ಪೆರಾಕ್ಸೈಡಿನಲ್ಲಿ ಕರಗಿಸಿದಾಗ ನಿರೀಕ್ಷೆಯಂತೆ ಹೊಳೆಯುವ ಹಳದಿ ದ್ರಾವಣ ಬಂದಿತ್ತು. ಮಂಜುಗಡ್ಡೆಯ ತೊಟ್ಟಿಯಲ್ಲಿ ಇಟ್ಟಿದ್ದ ಸಲ್ಫೈಡಿನ ಎಥೆನಾಲ್ ದ್ರಾವಣಕ್ಕೆ ಅದನ್ನು ಹನಿಹನಿಯಾಗಿ ಬಿಡಬೇಕಿತ್ತು.

ಕಂಡುಬಂದದ್ದು

ಮೊದಲ ಕೆಲವು ಹನಿಗಳಲ್ಲಿಯೇ ಹಳದಿ ಬಣ್ಣ ಕಿತ್ತಳೆಯಾಗಿ, ಮುಂದೆ ಕಂದುಗೆಂಪಾಯಿತು. ದ್ರಾವಣದೊಳಗಿಂದ ಸಣ್ಣ ಗುಳ್ಳೆಗಳು ಏಳತೊಡಗಿದವು. ಸ್ವಲ್ಪ ಹೊತ್ತಿನಲ್ಲಿ ಕೆಂಪು ತಾನಾಗಿಯೇ ಮಾಸಿ ತಿಳಿಹಳದಿಯಾಯಿತು, ಗುಳ್ಳೆಗಳೂ ನಿಂತವು. ಪೆರಾಕ್ಸೈಡ್ ಇದ್ದರೆ ನೀಲಿಗೆ ತಿರುಗುವ ಸ್ಟಾರ್ಚ್-ಅಯೊಡೈಡ್ ಕಾಗದದಲ್ಲಿ ನೋಡಿದರೆ ಪೆರಾಕ್ಸೈಡ್ ಉಳಿದಿರಲಿಲ್ಲ. ಮತ್ತಷ್ಟು ಪೆರಾಕ್ಸೈಡ್ ಹಾಕಿದಾಗ ಅದೇ ಕೆಂಪು, ಅದೇ ಗುಳ್ಳೆ, ಅದೇ ಮಾಸುವಿಕೆ.

ವಿಷಯ ನನ್ನ ಬಳಿ ಬಂದಾಗ ವಿದ್ಯಾರ್ಥಿನಿ ಹೇಳಿದ ಮೊದಲ ಮಾತು, "ಸರ್, ಈ ಸಲ ಬಣ್ಣಾನೇ ಬ್ಯಾರೆ ಆಗ್ಯದ್ರಿ" ಎಂಬುದು. "ಗುಳ್ಳಿ ಎಷ್ಟೊತ್ತಿನತನಕ ಬಂದ್ವವ್ವಾ?" ಎಂದು ಕೇಳಿದೆ. "ಕೆಂಪು ಇರೋತನಕ ಬಂದ್ವರಿ, ಬಣ್ಣ ಹೋದಮ್ಯಾಲೆ ನಿಂತ್ವು" ಎಂದಳು. ಈ ಒಂದು ಉತ್ತರದಲ್ಲಿ ಪ್ರಕರಣದ ಮುಕ್ಕಾಲು ಪಾಲು ಪರಿಹಾರ ಅಡಗಿತ್ತು. ತಾನು ಕಂಡದ್ದನ್ನು ಕಂಡ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಆಕೆಯ ಶ್ರದ್ಧೆಯಿಂದಲೇ ಮುಂದಿನ ವಿಶ್ಲೇಷಣೆ ಸಾಧ್ಯವಾಯಿತು.

ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೊಗ್ರಫಿ) ಪ್ಲೇಟಿನಲ್ಲಿ ನೇರಳಾತೀತ ಬೆಳಕಿನಡಿ ಮೂರು ಮಚ್ಚೆಗಳು ಕಂಡವು. ಎಲ್ಲಕ್ಕಿಂತ ಮೇಲೆ ದಟ್ಟವಾಗಿ ಸಲ್ಫೈಡ್. ಕೆಳಗೆ, ನಡುವಣ ಹಂತದ, ಹೆಚ್ಚು ಧ್ರುವೀಯವಾದ ಸಲ್ಫಾಕ್ಸೈಡ್. ಇವೆರಡರ ನಡುವೆ ತೀರ ತೆಳುವಾಗಿ ಸಲ್ಫೋನ್. ಎರಡು ಆಮ್ಲಜನಕಗಳಿರುವ ಸಲ್ಫೋನ್, ಒಂದೇ ಇರುವ ಸಲ್ಫಾಕ್ಸೈಡಿಗಿಂತ ಮೇಲೆ ಓಡುವುದನ್ನು ಕಂಡು ಹೊಸಬರು ಗೊಂದಲಗೊಳ್ಳುತ್ತಾರೆ. ಸಲ್ಫಾಕ್ಸೈಡಿನ ಆಮ್ಲಜನಕವು ಸಿಲಿಕಾವನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದರಿಂದ ಹೀಗಾಗುತ್ತದೆ.

ಅನುಮಾನಗಳ ಪರಿಶೀಲನೆ

ಮೊದಲು ಅನುಮಾನ ಬಂದದ್ದು ಪೆರಾಕ್ಸೈಡಿನ ಮೇಲೆ. ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ, ಕೋಣೆಯ ಕಪಾಟಿನಲ್ಲಿಟ್ಟ ಪೆರಾಕ್ಸೈಡ್ ನಿಧಾನವಾಗಿ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಈ ಅನುಮಾನ ಸಹಜವೇ. ಆಮ್ಲೀಯ ದ್ರಾವಣದಲ್ಲಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್‌ನೊಂದಿಗೆ ಅನುಮಾಪನ ಮಾಡಿದಾಗ ಪ್ರಬಲತೆ ಲೇಬಲ್ಲಿನ ಅಂಕಿಗೆ ಹತ್ತಿರವೇ ಬಂತು. ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದುದು ಕೆಲಸಕ್ಕೆ ಬಂದಿತ್ತು. ಅದೂ ಅಲ್ಲದೆ, ದುರ್ಬಲ ಪೆರಾಕ್ಸೈಡಿನಿಂದ ಕ್ರಿಯೆ ನಿಧಾನವಾಗಬಹುದೇ ಹೊರತು ಬಣ್ಣ ಕೆಂಪಾಗುವುದಿಲ್ಲ.

ಎರಡನೆಯ ಅನುಮಾನ ಮಾಲಿಬ್ಡೇಟ್ ಲವಣದ ಮೇಲೆ. ಹಳೆಯ ಬಾಟಲಿ, ಹರಳುಗಳ ಮೇಲೆ ಬಿಳಿಯ ಪುಡಿ ಕಟ್ಟಿತ್ತು. ಈ ಲವಣ ಬಿಸಿ ಹವೆಯಲ್ಲಿ ಹರಳಿನ ನೀರನ್ನೂ ಸ್ವಲ್ಪ ಅಮೋನಿಯವನ್ನೂ ಬಿಟ್ಟುಕೊಡುವುದುಂಟು. ಆದರೆ ಫಾಸ್ಫೇಟಿನೊಂದಿಗೆ ನೈಟ್ರಿಕ್ ಆಮ್ಲದಲ್ಲಿ ಅದು ಎಂದಿನ ಹಳದಿ ಪ್ರಕ್ಷೇಪವನ್ನೇ ಕೊಟ್ಟಿತು. ಕೊಳವೆಬಾವಿಯ ನೀರಿನ ಕಬ್ಬಿಣದಿಂದ ಪೆರಾಕ್ಸೈಡ್ ಒಡೆಯಿತೇ ಎಂದು ಕೇಳಿದವರಿದ್ದರು. ಬಳಸಿದ್ದು ಬಟ್ಟಿ ಇಳಿಸಿದ ನೀರಾದ್ದರಿಂದ ಅದನ್ನು ಅಲ್ಲಿಗೇ ಕೈಬಿಟ್ಟೆವು.

ಉಳಿದದ್ದು ಸಲ್ಫೈಡ್. ಸಣ್ಣ ಪ್ರಯೋಗಕ್ಕೂ ದೊಡ್ಡದಕ್ಕೂ ಇದ್ದ ನಿಜವಾದ ವ್ಯತ್ಯಾಸ ಗಾತ್ರದಲ್ಲಿರದೆ ಸಲ್ಫೈಡಿನ ಶುದ್ಧೀಕರಣದಲ್ಲಿತ್ತು. ಸಣ್ಣ ಪ್ರಯೋಗದ ಸಲ್ಫೈಡನ್ನು ಸಿಲಿಕಾ ಕಾಲಮ್ಮಿನಲ್ಲಿ ಹಾಯಿಸಲಾಗಿತ್ತು. ದೊಡ್ಡ ಪ್ರಯೋಗದಲ್ಲಿ ಸಿಲಿಕಾ ಮತ್ತು ದ್ರಾವಕ ಉಳಿಸುವುದಕ್ಕಾಗಿ ಕಾಲಮ್ ಬಿಟ್ಟು, ಅಸಿಟೋನ್ ಮಿಶ್ರಣವನ್ನು ಹತ್ತಿಯಲ್ಲಿ ಸೋಸಿ, ಅಸಿಟೋನನ್ನು ಆವಿಯಾಗಿಸಿ, ಸಿಕ್ಕ ಎಣ್ಣೆಯಂಥ ದ್ರವವನ್ನು ನೇರವಾಗಿ ಉತ್ಕರ್ಷಣಕ್ಕೆ ಒಯ್ಯಲಾಗಿತ್ತು. ಉಳಿದಿದ್ದ ಆ ದ್ರವವನ್ನು ಬೆಳಕಿಗೆ ಹಿಡಿದು ನೋಡಿದರೆ ಅದು ತಿಳಿಯಾಗಿರದೆ ಮಸುಕಾಗಿತ್ತು. ಫ್ಲಾಸ್ಕಿನ ತಳದಲ್ಲಿ ನುಣ್ಣನೆಯ ಬಿಳಿಯ ತೆರೆಯೊಂದು ಕಾಣುತ್ತಿತ್ತು. ಸ್ವಲ್ಪ ದ್ರವವನ್ನು ಬಟ್ಟಿ ನೀರಿನೊಂದಿಗೆ ಕುಲುಕಿ, ನೀರಿನ ಪದರದ ಒಂದು ಹನಿಯನ್ನು ಪಿಎಚ್ ಕಾಗದದ ಮೇಲೆ ಇಟ್ಟಾಗ ಕಡುನೀಲಿ ಬಂತು. ಪಿಎಚ್ ಹತ್ತಕ್ಕಿಂತ ಮೇಲಿತ್ತು. ಆಮ್ಲದ ಹನಿ ಹಾಕಿದಾಗ ಗುಳ್ಳೆ ಬಂತು. ಹತ್ತಿಯನ್ನು ದಾಟಿ ಬಂದ ಪೊಟ್ಯಾಸಿಯಂ ಕಾರ್ಬೊನೇಟ್ ಅದು.

ಇದನ್ನು ಖಚಿತಪಡಿಸಿಕೊಳ್ಳಲು ಒಂದು ಪ್ರನಾಳ ಪರೀಕ್ಷೆ ಸಾಕಾಯಿತು. ತಣ್ಣನೆಯ ಹಳದಿ ಪೆರಾಕ್ಸೈಡ್-ಮಾಲಿಬ್ಡೇಟ್ ದ್ರಾವಣಕ್ಕೆ, ಸಲ್ಫೈಡ್ ಇಲ್ಲದೆಯೇ, ಪೊಟ್ಯಾಸಿಯಂ ಕಾರ್ಬೊನೇಟಿನ ದುರ್ಬಲ ದ್ರಾವಣವನ್ನು ಹನಿಹನಿಯಾಗಿ ಹಾಕಿದಾಗ ಅದೇ ಕಂದುಗೆಂಪು, ಅವೇ ಗುಳ್ಳೆಗಳು. ದುರ್ಬಲ ಆಮ್ಲ ಹಾಕಿದಾಗ ಬಣ್ಣ ಮರಳಿ ಹಳದಿಯಾಗಿ ಗುಳ್ಳೆಗಳು ಅಡಗಿದವು.

ಒಂದೇ ಲೋಹ, ಎರಡು ದಾರಿ

ಇಲ್ಲಿ ನಡೆದದ್ದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಪೆರಾಕ್ಸೈಡಿನೊಂದಿಗೆ ಸೇರಿದಾಗ ಮಾಲಿಬ್ಡಿನಂ ತನ್ನ ಅತ್ಯುನ್ನತ ಉತ್ಕರ್ಷಣ ಸ್ಥಿತಿಯಾದ +6ರಲ್ಲಿಯೇ ಇರುತ್ತದೆ. ಕಬ್ಬಿಣವು ಪೆರಾಕ್ಸೈಡಿಗೆ ಒಂದು ಇಲೆಕ್ಟ್ರಾನ್ ಕೊಟ್ಟು ಹೈಡ್ರಾಕ್ಸಿಲ್ ರ‍್ಯಾಡಿಕಲ್ಲುಗಳನ್ನು ಹುಟ್ಟಿಸುವಂತೆ ಇದು ಹುಟ್ಟಿಸುವುದಿಲ್ಲ, ಏಕೆಂದರೆ ಕೊಡಲು ಅದರ ಡಿ-ಕಕ್ಷಕದಲ್ಲಿ ಇಲೆಕ್ಟ್ರಾನೇ ಇಲ್ಲ. ಅದು ಮಾಡುವ ಕೆಲಸ ಬೇರೆ: ಪೆರಾಕ್ಸೈಡಿನ ಎರಡು ಆಮ್ಲಜನಕಗಳನ್ನೂ ತನ್ನ ಪಕ್ಕಕ್ಕೆ ಬಂಧಿಸಿಕೊಂಡು, ಅವುಗಳಿಂದ ಇಲೆಕ್ಟ್ರಾನ್ ಸಾಂದ್ರತೆಯನ್ನು ಎಳೆದುಕೊಂಡು, ಅವು ಇಲೆಕ್ಟ್ರಾನುಗಳಿಗಾಗಿ ಹಸಿಯುವಂತೆ ಮಾಡುತ್ತದೆ. ಆಮ್ಲೀಯ ಅಥವಾ ತಟಸ್ಥ ದ್ರಾವಣದಲ್ಲಿ ಒಂದು ಮಾಲಿಬ್ಡಿನಂಗೆ ಇಂಥ ಎರಡು ಆಮ್ಲಜನಕ ಜೋಡಿಗಳು, ಅಂದರೆ ಪೆರಾಕ್ಸೊ ಗುಂಪುಗಳು, ಅಂಟಿಕೊಂಡಿರುತ್ತವೆ. ಹಳದಿ ಬಣ್ಣ ಇದರದ್ದು. ಸಲ್ಫೈಡಿನ ಗಂಧಕವು ತನ್ನ ಒಂಟಿ ಇಲೆಕ್ಟ್ರಾನ್ ಜೋಡಿಯಿಂದ ಈ ಆಮ್ಲಜನಕಗಳಲ್ಲಿ ಒಂದರ ಮೇಲೆ ದಾಳಿ ಮಾಡಿ ಅದನ್ನು ಕಿತ್ತುಕೊಳ್ಳುತ್ತದೆ, ಸಲ್ಫಾಕ್ಸೈಡ್ ಆಗುತ್ತದೆ. ಸಲ್ಫಾಕ್ಸೈಡಿನ ಗಂಧಕಕ್ಕೆ ಆ ಶಕ್ತಿ ಕಡಿಮೆ; ಆದ್ದರಿಂದ ಎರಡನೆಯ ಆಮ್ಲಜನಕ ಸೇರುವುದು ನಿಧಾನ, ಇಡೀ ರಾತ್ರಿಯ ಅವಧಿ ಬೇಕಾಗುವುದು ಅದಕ್ಕೇ. ಆಮ್ಲಜನಕ ಕಳೆದುಕೊಂಡ ಮಾಲಿಬ್ಡಿನಂ ಮತ್ತೊಂದು ಪೆರಾಕ್ಸೈಡ್ ಅಣುವನ್ನು ಹಿಡಿದು ಮತ್ತೆ ಸಜ್ಜಾಗುತ್ತದೆ.

ಕ್ಷಾರೀಯ ದ್ರಾವಣದಲ್ಲಿ ಚಿತ್ರವೇ ಬೇರೆ. ಹೆಪ್ಟಾಮಾಲಿಬ್ಡೇಟಿನ ಏಳು ಲೋಹ ಪರಮಾಣುಗಳ ಗುಂಪು, ಎಂಟು ಹೈಡ್ರಾಕ್ಸೈಡ್ ಅಯಾನುಗಳನ್ನು ಕಂಡೊಡನೆ ಒಡೆದು ಏಳು ಬಿಡಿ ಮಾಲಿಬ್ಡೇಟ್ ಅಯಾನುಗಳಾಗುತ್ತದೆ. ಅವುಗಳ ಸುತ್ತ ಪೆರಾಕ್ಸೊ ಗುಂಪುಗಳು ಮೂರು, ನಾಲ್ಕರವರೆಗೂ ಸೇರುತ್ತವೆ. ನಾಲ್ಕು ಸೇರಿದ ಟೆಟ್ರಾಪೆರಾಕ್ಸೊ ಮಾಲಿಬ್ಡೇಟಿನ ಬಣ್ಣವೇ ಆ ಕಂದುಗೆಂಪು. ಋಣಾವೇಶ ಹೊತ್ತ ಈ ಅಯಾನುಗಳಿಗೆ ಗಂಧಕಕ್ಕೆ ಆಮ್ಲಜನಕ ಕೊಡುವ ಒಲವು ಕಡಿಮೆ. ಬದಲಿಗೆ, ಮೂರು ಪೆರಾಕ್ಸೊ ಗುಂಪುಗಳಿರುವ ಮಧ್ಯಂತರ ರೂಪವು ಆಮ್ಲಜನಕದ ಒಂದು ಅಣುವನ್ನೇ ಹೊರಗೆ ಬಿಡುತ್ತದೆ. ಎರಡು ಪೆರಾಕ್ಸೈಡ್ ಅಣುಗಳು ಹೋಗಿ ಎರಡು ನೀರು, ಒಂದು ಆಮ್ಲಜನಕ ಉಳಿಯುತ್ತದೆ. ಹೀಗೆ ಬರುವ ಆಮ್ಲಜನಕ ಉದ್ರಿಕ್ತ ಸ್ಥಿತಿಯದು, ಅಂದರೆ ಸಿಂಗ್ಲೆಟ್ ಆಮ್ಲಜನಕ. 1985ರಲ್ಲಿ ಫ್ರಾನ್ಸಿನ ಜೆ. ಎಂ. ಓಬ್ರಿ ಅವರು ಹಲವಾರು ಅಜೈವಿಕ ಸಂಯುಕ್ತಗಳನ್ನು ಪರೀಕ್ಷಿಸಿ, ಪೆರಾಕ್ಸೈಡಿನಿಂದ ಸಿಂಗ್ಲೆಟ್ ಆಮ್ಲಜನಕ ಬಿಡಿಸುವವುಗಳಲ್ಲಿ ಮಾಲಿಬ್ಡೇಟ್ ಕೂಡ ಒಂದೆಂದು ತೋರಿಸಿದ್ದರು. ಪಿಎಚ್ 9ರಿಂದ 12ರ ಆಸುಪಾಸಿನಲ್ಲಿ ಇದು ಚುರುಕಾಗಿರುತ್ತದೆ. ನಮ್ಮ ಕಾರ್ಬೊನೇಟ್ ಮಿಶ್ರಣ ಸರಿಯಾಗಿ ಆ ವ್ಯಾಪ್ತಿಗೇ ಬಂದು ಬಿದ್ದಿತ್ತು.

ಸಿಂಗ್ಲೆಟ್ ಆಮ್ಲಜನಕವೂ ಸಲ್ಫೈಡುಗಳೊಡನೆ ವರ್ತಿಸಬಲ್ಲದು ಎಂಬುದು ನಿಜ. ಆದರೆ ಇಲೆಕ್ಟ್ರಾನ್ ಕೊರತೆಯಿರುವ ಈ ಟೆಟ್ರಜೋಲ್ ಸಲ್ಫೈಡಿನ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ. ನೀರು ಮತ್ತು ಎಥೆನಾಲಿನಲ್ಲಿ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಅದು ತನ್ನ ಉದ್ರೇಕ ಕಳೆದುಕೊಂಡು ಸಾಮಾನ್ಯ ಆಮ್ಲಜನಕವಾಗಿ ಗುಳ್ಳೆಯಾಗಿ ಏಳುತ್ತದೆ. ಈ ಗುಣ ಎಲ್ಲ ಕಡೆಯೂ ದೋಷವಲ್ಲ ಎಂಬುದನ್ನೂ ಹೇಳಬೇಕು. ಬೆಳಕು, ಬಣ್ಣದ ಸಂವೇದಕ ಯಾವುದೂ ಇಲ್ಲದೆ ಸಿಂಗ್ಲೆಟ್ ಆಮ್ಲಜನಕ ಪಡೆಯುವ ಇದೇ ವಿಧಾನದಿಂದ ಸಿಟ್ರೊನೆಲ್ಲೋಲ್ ಎಂಬ ಆಲ್ಕೊಹಾಲನ್ನು ಉತ್ಕರ್ಷಿಸಿ, ಸುಗಂಧೋದ್ಯಮಕ್ಕೆ ಬೇಕಾದ ರೋಸ್ ಆಕ್ಸೈಡ್ ತಯಾರಿಸುವ ಮಾರ್ಗವಿದೆ. ಯಾವ ಕೆಲಸಕ್ಕೆ ಯಾವ ಪಿಎಚ್ ಎಂಬುದನ್ನು ಅರಿತು ಬಳಸಬೇಕಾದ ಲೋಹ ಇದು. ಕೈಗಾರಿಕೆಯಲ್ಲಿ ಪ್ರೊಪಿಲೀನನ್ನು ಆಲ್ಕೈಲ್ ಹೈಡ್ರೊಪೆರಾಕ್ಸೈಡಿನಿಂದ ಪ್ರೊಪಿಲೀನ್ ಆಕ್ಸೈಡ್ ಮಾಡುವ ಹಾಲ್ಕನ್ ವಿಧಾನದಲ್ಲಿಯೂ ಕೆಲಸ ಮಾಡುವುದು +6 ಸ್ಥಿತಿಯ ಮಾಲಿಬ್ಡಿನಂನ ಇದೇ ಆಮ್ಲಜನಕ ದಾಟಿಸುವ ಗುಣ.

ಕಾರ್ಬೊನೇಟ್ ಎಷ್ಟಿದ್ದರೆ ಇಷ್ಟೆಲ್ಲ ಆದೀತು ಎಂಬ ಪ್ರಶ್ನೆ ಸಹಜ. ವೇಗವರ್ಧಕ ಇದ್ದದ್ದು ಒಂದು ಮಿಲಿಮೋಲ್. ಅದನ್ನು ಒಡೆಯಲು ಎಂಟು ಮಿಲಿಮೋಲ್ ಹೈಡ್ರಾಕ್ಸೈಡ್, ಅಂದರೆ ಈ ಪಿಎಚ್‌ನಲ್ಲಿ ಎಂಟು ಮಿಲಿಮೋಲ್ ಕಾರ್ಬೊನೇಟ್ ಬೇಕು. ಲವಣದಲ್ಲಿಯೇ ಇರುವ ಅಮೋನಿಯಂ ಅಯಾನುಗಳು ಇನ್ನಷ್ಟನ್ನು ನುಂಗುತ್ತವೆ. ಎಲ್ಲ ಸೇರಿಸಿದರೂ ಇಪ್ಪತ್ತು ಗ್ರಾಂ ಸಲ್ಫೈಡಿನಲ್ಲಿ ಒಂದೂವರೆ-ಎರಡು ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಉಳಿದಿದ್ದರೆ ಸಾಕು. ಹತ್ತಿಯ ಸೋಸುವಿಕೆಯಲ್ಲಿ ಅಷ್ಟು ದಾಟಿ ಬರುವುದು ಏನೂ ದೊಡ್ಡ ಮಾತಲ್ಲ.

ಅಪಾಯದ ಅಂದಾಜು

ಕ್ರಿಯೆ ವಿಫಲವಾದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಅನಿಲ. 0.4 ಮೋಲ್ ಪೆರಾಕ್ಸೈಡ್ ಪೂರ್ತಿ ಒಡೆದರೆ 0.2 ಮೋಲ್ ಆಮ್ಲಜನಕ, ಅಂದರೆ ಕೋಣೆಯ ಉಷ್ಣಾಂಶದಲ್ಲಿ ಸುಮಾರು ಐದು ಲೀಟರ್. ಎಥೆನಾಲಿನ ಜ್ವಲನಬಿಂದು ಸುಮಾರು 13 ಡಿಗ್ರಿ. ಕಲಬುರಗಿಯ ಚಳಿಗಾಲದ ಹಗಲಿನಲ್ಲಿಯೂ ಅದರ ಆವಿ ಹೊತ್ತಿಕೊಳ್ಳುವಷ್ಟಿರುತ್ತದೆ. ಎಥೆನಾಲ್ ಆವಿ ತುಂಬಿದ ಫ್ಲಾಸ್ಕಿನೊಳಗೆ ಶುದ್ಧ ಆಮ್ಲಜನಕ ಸೇರುತ್ತಾ ಹೋದರೆ, ಹತ್ತಿರದ ಸ್ವಿಚ್ಚಿನ ಒಂದು ಕಿಡಿಗೂ ಅನಾಹುತವಾಗಬಹುದು. ಬಾಯಿ ಬಿಗಿದ ಫ್ಲಾಸ್ಕಾದರೆ ಒತ್ತಡದಿಂದಲೇ ಸಿಡಿಯಬಹುದು. ಪೆರಾಕ್ಸೈಡ್ ಒಡೆಯುವಾಗ ಪ್ರತಿ ಮೋಲಿಗೆ ಸುಮಾರು 98 ಕಿಲೊಜೂಲ್ ಶಾಖ ಬರುತ್ತದೆ. ಇಷ್ಟು ಮಿಶ್ರಣದಲ್ಲಿ, ತಂಪು ಮಾಡದೆ ಒಮ್ಮೆಲೇ ಒಡೆದರೆ, ಉಷ್ಣಾಂಶ 60 ಡಿಗ್ರಿಯಷ್ಟು ಏರಬಲ್ಲದು. ಮಂಜುಗಡ್ಡೆಯ ತೊಟ್ಟಿ ಇದ್ದುದರಿಂದ, ಹನಿಹನಿಯಾಗಿ ಬಿಟ್ಟಿದ್ದರಿಂದ, ಫ್ಲಾಸ್ಕಿನ ಬಾಯಿ ತೆರೆದಿದ್ದುದರಿಂದ ಇಲ್ಲಿ ಏನೂ ಆಗಲಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೀದರ್ ಜಿಲ್ಲೆಯ ಹುಮನಾಬಾದ್, ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳಿವೆ. ನಮ್ಮ ಎಂಎಸ್ಸಿ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಅಂಥ ಕಡೆಯೇ ರಿಯಾಕ್ಟರಿನ ಮುಂದೆ ನಿಲ್ಲುವವರು. ಎರಡು ಕಿಲೊ ಸಲ್ಫೈಡಿನ ಬ್ಯಾಚಿನಲ್ಲಿ ಇದೇ ಲೆಕ್ಕ ಐದುನೂರು ಲೀಟರ್ ಆಮ್ಲಜನಕಕ್ಕೆ ಏರುತ್ತದೆ. ಬಣ್ಣ ಕೆಂಪಾದೊಡನೆ ಪೆರಾಕ್ಸೈಡ್ ಬಿಡುವುದನ್ನು ನಿಲ್ಲಿಸಬೇಕು ಎಂಬ ಅರಿವು ಇಪ್ಪತ್ತು ಗ್ರಾಂನ ಹಂತದಲ್ಲಿಯೇ ಬರಬೇಕು.

ಇನ್ನೂ ಒಂದು ಅಪಾಯ ಇದೇ ಸಲ್ಫೈಡಿನಲ್ಲಿ ಕುಳಿತಿತ್ತು: ಪೂರ್ತಿ ಆವಿಯಾಗದ ಅಸಿಟೋನ್. ಅಸಿಟೋನ್ ಮತ್ತು ಪೆರಾಕ್ಸೈಡ್ ಆಮ್ಲದ ಸಮ್ಮುಖದಲ್ಲಿ ಸೇರಿದರೆ, ಮುಟ್ಟಿದರೆ ಸಿಡಿಯುವ ಅಸಿಟೋನ್ ಪೆರಾಕ್ಸೈಡುಗಳು ಉಂಟಾಗುತ್ತವೆ. ಉತ್ಕರ್ಷಣ ಮಾಡುವ ಮೇಜಿನ ಮೇಲೆ, ಗಾಜಿನ ಪಾತ್ರೆ ತೊಳೆಯುವುದಕ್ಕೂ ಸಹ, ಅಸಿಟೋನ್ ಇರಬಾರದು.

ತಿದ್ದಿದ ಕ್ರಮ ಮತ್ತು ಫಲಿತಾಂಶ

ಸಲ್ಫೈಡ್ ಮಿಶ್ರಣವನ್ನು ಹತ್ತಿಯ ಬದಲು ಸೀಲೈಟ್ ಎಂಬ ನುಣ್ಣನೆಯ ಸೋಸುಪುಡಿಯ ಪದರದಲ್ಲಿ ಸೋಸಿ, ಅಸಿಟೋನನ್ನು ಪೂರ್ತಿ ತೆಗೆದು, ಉಳಿದದ್ದನ್ನು ಈಥೈಲ್ ಅಸಿಟೇಟಿನಲ್ಲಿ ಕರಗಿಸಿ, ತೊಳೆದ ನೀರು ಪಿಎಚ್ ಕಾಗದದಲ್ಲಿ ತಟಸ್ಥ ಎನಿಸುವವರೆಗೆ ತೊಳೆಯಲಾಯಿತು. ಕಾಲಮ್ ಬೇಕಾಗಲಿಲ್ಲ. ಒಣಗಿಸಿ, ದ್ರಾವಕ ತೆಗೆದ ಮೇಲೆ ಸಿಕ್ಕ ದ್ರವ ಕನ್ನಡಿಯಷ್ಟು ತಿಳಿಯಾಗಿತ್ತು. ಉತ್ಕರ್ಷಣಕ್ಕೆ ಮೊದಲು, ಹಳದಿ ವೇಗವರ್ಧಕ ದ್ರಾವಣದ ಕೆಲವು ಹನಿಗಳನ್ನು ಪ್ರನಾಳದಲ್ಲಿ ತೆಗೆದುಕೊಂಡು, ಅದಕ್ಕೆ ಸಲ್ಫೈಡಿನ ಎಥೆನಾಲ್ ದ್ರಾವಣದ ಹನಿ ಹಾಕಿ ನೋಡಲಾಯಿತು. ಹಳದಿ ಹಳದಿಯಾಗಿಯೇ ಉಳಿಯಿತು. ಈ ಪ್ರನಾಳ ಪರೀಕ್ಷೆ ಈಗ ಅಲ್ಲಿನ ಲಿಖಿತ ಕ್ರಮದ ಭಾಗ.

ಉಳಿದ ಅಳತೆಗಳೆಲ್ಲ ಹಿಂದಿನವೇ. ಈ ಸಲ ಗುಳ್ಳೆಗಳು ಏಳಲಿಲ್ಲ. ಮಿಶ್ರಣವನ್ನು ನಿಧಾನವಾಗಿ ಕೋಣೆಯ ಉಷ್ಣಾಂಶಕ್ಕೆ ತಂದು ರಾತ್ರಿಯಿಡೀ ಕಲಕಲು ಬಿಟ್ಟಾಗ, ಬೆಳಿಗ್ಗೆಯ ಟಿಎಲ್‌ಸಿ ಪ್ಲೇಟಿನಲ್ಲಿ ಸಲ್ಫೈಡ್ ಇರಲಿಲ್ಲ, ಸಲ್ಫಾಕ್ಸೈಡಿನ ಮಚ್ಚೆಯೂ ಮಾಸಿತ್ತು. ಉಳಿದ ಪೆರಾಕ್ಸೈಡನ್ನು ಸೋಡಿಯಂ ಸಲ್ಫೈಟ್ ದ್ರಾವಣದಿಂದ ತಣ್ಣಗೆ ನಾಶಪಡಿಸಿ, ಸ್ಟಾರ್ಚ್-ಅಯೊಡೈಡ್ ಕಾಗದ ಬಿಳಿಯಾಗಿಯೇ ಉಳಿಯುವುದನ್ನು ನೋಡಿದ ಮೇಲೆಯೇ ಎಥೆನಾಲನ್ನು ಆವಿಯಾಗಿಸಲಾಯಿತು. ಪೆರಾಕ್ಸೈಡ್ ಉಳಿದಿರುವ ಮಿಶ್ರಣವನ್ನು ಎಂದಿಗೂ ಬಿಸಿಮಾಡಿ ಸಾಂದ್ರಗೊಳಿಸಬಾರದು. ಸಿಕ್ಕ ಬಿಳಿಯ ಘನದ ಅತಿಗೆಂಪು ರೋಹಿತದಲ್ಲಿ ಪ್ರತಿ ಸೆಂಟಿಮೀಟರಿಗೆ 1340 ಮತ್ತು 1150ರ ಹತ್ತಿರ ಸಲ್ಫೋನಿನ ಎರಡು ಬಲವಾದ ಪಟ್ಟಿಗಳು ಕಂಡವು. ಪ್ರೋಟಾನ್ ಎನ್‌ಎಂಆರ್‌ನಲ್ಲಿ ಗಂಧಕದ ಪಕ್ಕದ ಸಿಎಚ್2 ಗುಂಪಿನ ಸಂಕೇತ ಸುಮಾರು 3.4ರಿಂದ 3.7 ಪಿಪಿಎಂಗೆ ಸರಿದಿತ್ತು.

ತ್ಯಾಜ್ಯದ ಪ್ರಶ್ನೆ

ಮಾಲಿಬ್ಡಿನಂ ಇತರ ಎಷ್ಟೋ ವೇಗವರ್ಧಕ ಲೋಹಗಳಿಗಿಂತ ಸೌಮ್ಯ. ಔಷಧಗಳಲ್ಲಿನ ಲೋಹಶೇಷದ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಬಾಯಿಂದ ಸೇವಿಸುವ ಔಷಧಕ್ಕೆ ಪಲ್ಲಾಡಿಯಂನ ದೈನಿಕ ಮಿತಿ 100 ಮೈಕ್ರೊಗ್ರಾಂ ಆದರೆ, ಮಾಲಿಬ್ಡಿನಂನದು 3000. ತೊಗರಿಯ ಬೇರುಗಂಟಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿಯುವ ಕಿಣ್ವಕ್ಕೂ ಈ ಲೋಹ ಬೇಕು.

ಹಾಗೆಂದು ಇದನ್ನು ಸಿಂಕಿಗೆ ಸುರಿಯಬಹುದು ಎಂದಲ್ಲ. ಈ ಪ್ರಮಾಣದ ಒಂದು ಪ್ರಯೋಗದ ಜಲಪದರದಲ್ಲಿ ಸುಮಾರು 0.67 ಗ್ರಾಂ ಮಾಲಿಬ್ಡಿನಂ ಇರುತ್ತದೆ. ಕ್ಷಾರೀಯ ಮಣ್ಣಿನಲ್ಲಿ ಮಾಲಿಬ್ಡೇಟ್ ಅಯಾನು ಕಣಗಳಿಗೆ ಅಂಟದೆ ಸುಲಭವಾಗಿ ಗಿಡದೊಳಗೆ ಹೋಗುತ್ತದೆ, ಮತ್ತು ನಮ್ಮ ಕಪ್ಪು ಮಣ್ಣು ಸಾಮಾನ್ಯವಾಗಿ ಕ್ಷಾರೀಯವೇ. ಮೇವಿನಲ್ಲಿ ಅದು ಹೆಚ್ಚಾದರೆ ದನ, ಕುರಿಗಳ ಹೊಟ್ಟೆಯಲ್ಲಿ ಗಂಧಕದೊಡನೆ ಸೇರಿ ಥಯೊಮಾಲಿಬ್ಡೇಟ್ ಆಗಿ, ತಾಮ್ರವನ್ನು ಹಿಡಿದಿಟ್ಟುಕೊಂಡು, ಅವುಗಳಿಗೆ ತಾಮ್ರದ ಕೊರತೆ ತರುತ್ತದೆ; ಭೇದಿ, ಬಡಕಲುತನ, ಕೂದಲಿನ ಬಣ್ಣ ಮಾಸುವುದು ಅದರ ಲಕ್ಷಣಗಳು. ಆದ್ದರಿಂದ ಪೆರಾಕ್ಸೈಡ್ ನಾಶವಾದುದನ್ನು ಕಾಗದದಿಂದ ಖಚಿತಪಡಿಸಿಕೊಂಡ ಮೇಲೆ, ಮಾಲಿಬ್ಡಿನಂ ಇರುವ ಜಲಪದರವನ್ನೆಲ್ಲ ಲೇಬಲ್ ಹಚ್ಚಿದ ಪ್ರತ್ಯೇಕ ಕ್ಯಾನಿನಲ್ಲಿ, ಅನಿಲ ಹೊರಹೋಗಲು ದಾರಿಯಿರುವ ಮುಚ್ಚಳದೊಂದಿಗೆ ಸಂಗ್ರಹಿಸಿ, ಅಪಾಯಕಾರಿ ತ್ಯಾಜ್ಯ ವಿಲೇವಾರಿಗೆ ಕೊಡುವ ವ್ಯವಸ್ಥೆಯನ್ನು ಆ ಪ್ರಯೋಗಾಲಯದಲ್ಲಿ ಮಾಡಲಾಗಿದೆ.